ಬದನೆ ಹೂವಿನ ಬಣ್ಣದ ಸ್ಕೇಟಿಂಗ್ ಫ್ರಾಕು

ಎಪ್ಪತ್ತು ದಾಟಿದ ಮೇಲೆ ಮನುಷ್ಯರಿಗೆ ಸಿಟ್ಟು ಕಡಿಮೆಯಾಗುತ್ತದೆ ಎಂದು ಹೇಳುವವರು ಮೇ ತಿಂಗಳಲ್ಲಿ ಆಂಧ್ರದ ಆದೋನಿಯಲ್ಲಿ ಕುಳಿತು ಇಂಟರ್ನೆಟ್ಟಿನಲ್ಲಿ ಫಿಗರ್ ಸ್ಕೇಟಿಂಗ್ ಹುಡುಕಿದವರಲ್ಲ. ನನಗೆ ಮೂರು ದಿನಗಳಿಂದ ಒಂದೇ ಸಮನೆ ಸಿಟ್ಟು. ಫ್ಯಾನಿನ ಮೇಲೆ ಸಿಟ್ಟು, ಫೋನಿನ ಮೇಲೆ ಸಿಟ್ಟು, ಸೊಸೆಯ ಮೇಲೆ ಸಿಟ್ಟು. ಮರೆಯಲಾಗದ ಸ್ಕೇಟಿಂಗ್ ಪ್ರೋಗ್ರಾಮುಗಳು ಎಂದು ಮೊಳದುದ್ದದ ಪಟ್ಟಿ ಮಾಡಿ, ನಾವು ಮರೆಯದೇ ಇದ್ದ ಒಂದನ್ನು ಮಾತ್ರ ಕೈಬಿಟ್ಟ ಯಾವನೋ ಪುಣ್ಯಾತ್ಮನ ಮೇಲಂತೂ ವಿಪರೀತ ಸಿಟ್ಟು. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕೆಂದು ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಲಿಸಿದ್ದರು. ಇಂಗ್ಲಿಷಿನಲ್ಲಿ ಎಣಿಸಿದೆ, ಕನ್ನಡದಲ್ಲಿ ಎಣಿಸಿದೆ, ತೆಲುಗಿನಲ್ಲಿ ಎಣಿಸುತ್ತ ಏಳಕ್ಕೆ ಬಂದಾಗ ತಡೆಯಲಾಗದೆ ಸೊಸೆಯನ್ನು ಬೈದೆ.

ಇದಕ್ಕೆಲ್ಲ ಕಾರಣ ಪಾರಕ್ಕ. ಪಾರಕ್ಕ ಎಂದರೆ ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ನಾವಿಬ್ಬರೂ ಮುದುಕಿಯರಾದೆವು. ಮನೆಗೆ ಡಿಶ್ ಬಂದ ಹೊಸದರಲ್ಲಿ ಭಾನುವಾರ ಮಧ್ಯಾಹ್ನ ಯಾವುದೋ ಪರದೇಶದ ಚಾನೆಲ್ಲಿನಲ್ಲಿ ಪ್ರೊಫೆಷನಲ್ ಸ್ಕೇಟರುಗಳ ಶೋ ಬರುತ್ತಿತ್ತು. ಪದಕದ ಸ್ಪರ್ಧೆಯಲ್ಲ, ಪದಕದ ಗಲಾಟೆಯನ್ನೆಲ್ಲ ಮುಗಿಸಿ ಬಂದವರು ತಮಗೆ ಬೇಕಾದ ಹಾಡಿಗೆ, ಬೇಕಾದ ಕಾಸ್ಟ್ಯೂಮ್ ತೊಟ್ಟು, ಸ್ಪಾಟ್‌ಲೈಟಿನ ಕೆಳಗೆ ಜಾರುವ ಶೋ. ಹೊರಗೆ ಗುಡ್ಡದ ಬಂಡೆಗಳು ಹಂಚಿನಂತೆ ಕಾದಿರುತ್ತಿದ್ದವು. ಒಳಗೆ ಟಿವಿಯಲ್ಲಿ ಎಕರೆಗಟ್ಟಲೆ ಐಸು. ನಾವಿಬ್ಬರೂ ಒದ್ದೆ ಮಾಡಿದ ನೆಲದ ಮೇಲೆ ಕಾಲು ಚಾಚಿ ಕೂಡುತ್ತಿದ್ದೆವು.

"ಅಷ್ಟು ಐಸು ಯಾವ ಫ್ಯಾಕ್ಟರಿಯವರು ಕೊಡ್ತಾರಬೇ?" ಎಂದು ಪಾರಕ್ಕ ಕೇಳುತ್ತಿದ್ದಳು. ಆಗಿನ್ನೂ ಬದುಕಿದ್ದ ನಮ್ಮ ಅತ್ತೆಯವರು ಹುಡುಗಿಯರ ಬೆನ್ನು ನೋಡಿ "ಯವ್ವಾ, ಬಟ್ಟಿ ಸಾಲಲಿಲ್ಲೇನ ಇವಕ್ಕ?" ಎಂದು ಮುಖ ತಿರುಗಿಸುತ್ತಿದ್ದರು. ಅದು ಬರೀ ಬೆನ್ನಲ್ಲ, ಮೈಬಣ್ಣದ ತೆಳು ಜಾಳಿಗೆ ಬಟ್ಟೆ ಎಂದು ನಾನು ವಿವರಿಸಿದ ಮೇಲೆ ಇನ್ನಷ್ಟು ಹತ್ತಿರ ಸರಿದು, ಕನ್ನಡಕ ಹಾಕಿಕೊಂಡು, ಕೊನೆಯವರೆಗೂ ನೋಡುತ್ತಿದ್ದರು.

ಕಾಮೆಂಟರಿಯೆಲ್ಲ ಇಂಗ್ಲಿಷ್. ಮನೆಯಲ್ಲಿ ಇಂಗ್ಲಿಷ್ ಬರುವವಳೆಂದರೆ ನಾನೊಬ್ಬಳೇ. ಕಾನ್ವೆಂಟಿನವಳು, ಎಲೊಕ್ಯೂಷನ್ನಿನಲ್ಲಿ ಪ್ರೈಜ್ ತೆಗೆದುಕೊಂಡವಳು. ಆದ್ದರಿಂದ ಅರ್ಥ ಹೇಳುವ ಕೆಲಸ ನನ್ನದು. ಈಗ ಒಪ್ಪಿಕೊಂಡುಬಿಡುತ್ತೇನೆ: ಅವರು ಮಾತಾಡುವ ವೇಗಕ್ಕೆ ನನಗೆ ಕಾಲುಭಾಗವೂ ಅರ್ಥವಾಗುತ್ತಿರಲಿಲ್ಲ. ಉಳಿದ ಮುಕ್ಕಾಲನ್ನು ನಾನೇ ತುಂಬುತ್ತಿದ್ದೆ. ಬಿದ್ದವಳಿಗೆ ಜ್ವರ ಬಂದಿದೆ ಎನ್ನುತ್ತಿದ್ದೆ, ನಕ್ಕವಳಿಗೆ ಮದುವೆ ಗೊತ್ತಾಗಿದೆ ಎನ್ನುತ್ತಿದ್ದೆ.

ಆ ವರ್ಷ ನಮ್ಮ ಭಾವನವರು ಹತ್ತಿ ಮಾರುಕಟ್ಟೆಯಿಂದ ಬಂದವರು ನೀರು ಕೇಳಿ, ನೀರು ಬರುವುದರೊಳಗೆ ಹೋಗಿಬಿಟ್ಟರು. ಗಂಡ ಹೋದವಳಿಗೆ ಮೂರು ತಿಂಗಳಾದ ಮೇಲೆ ತವರಿನವರು ಒಂದು ಸೀರೆ ತಂದು ಉಡಿಸಿ, ಆಕೆಯನ್ನು ಮೂಲೆಯಿಂದ ಎಬ್ಬಿಸಿ ಹೊರಗೆ ಕರೆತರುವುದು ನಮ್ಮ ಮನೆತನಗಳಲ್ಲಿ ಪದ್ಧತಿ. ಆ ಸೀರೆ ಯಾವ ಬಣ್ಣವೋ, ಆಕೆಯ ಮುಂದಿನ ಬದುಕೆಲ್ಲ ಆ ಬಣ್ಣ. ಪಾರಕ್ಕನಿಗೆ ಬೂದಿಬಣ್ಣದ್ದು ಬಂತು. ಅಂಗಡಿಯಲ್ಲಿ ದಾರದ ಎಳೆ ನೋಡಿ ಸೀರೆಯ ಊರು ಹೇಳುತ್ತಿದ್ದ ಹೆಂಗಸು ಮಾತಿಲ್ಲದೆ ಅದನ್ನು ಸುತ್ತಿಕೊಂಡಳು. ಅದಾದ ಎರಡನೆಯ ಭಾನುವಾರವೋ ಏನೋ, ಟಿವಿಯಲ್ಲಿ ಒಬ್ಬಳು ಬಂದಳು. ಬದನೆ ಹೂವಿನ ಬಣ್ಣದ ಫ್ರಾಕು. ಎಡಗೈಗೆ ಮಣಿಕಟ್ಟಿನವರೆಗೆ ತೋಳು, ಬಲಗೈಗೆ ತೋಳೇ ಇಲ್ಲ. ಒಂದು ಕಾಲನ್ನು ಹಿಂದಕ್ಕೆತ್ತಿ, ಎರಡೂ ಕೈ ಚಾಚಿ, ಇಡೀ ಐಸನ್ನು ಒಂದೇ ಉಸಿರಿನಲ್ಲಿ ಸುತ್ತಿಬಂದಳು. ಪಾರಕ್ಕ ತಿಂಗಳುಗಟ್ಟಲೆ ಆಡದ ಮಾತಾಡಿದಳು: "ಆಕಿ ಯಾಕ ಅಳಾಕತ್ಯಾಳ?"

ಆಕೆ ಅಳುತ್ತಿದ್ದಳೋ ಬೆವರುತ್ತಿದ್ದಳೋ ದೇವರಿಗೇ ಗೊತ್ತು. ನನ್ನ ಬಾಯಿಂದ ತಾನಾಗಿ ಬಂತು: "ಆಕಿ ಗಂಡ ಹೋಗ್ಯಾನಕ್ಕ. ಇದು ಅವನಿಗೆ ಭಾಳ ಸೇರ್ತಿದ್ದ ಬಣ್ಣಂತ. ಅವ ಹೋದ ಮ್ಯಾಲೂ ಇದನ್ನ ಉಡ್ತೀನಂತ ಎಲ್ಲರ ಮುಂದ ಹೇಳ್ಯಾಳ."

ಮರುದಿನ ಪಾರಕ್ಕ ಪೇಟೆಗೆ ಹೋಗಿ ಬದನೆ ಹೂವಿನ ಬಣ್ಣದ ಸೀರೆ ತಂದಳು. ಅತ್ತೆಯವರು ಎಂಟು ದಿನ ಮಾತು ಬಿಟ್ಟರು. ಒಂಬತ್ತನೆಯ ದಿನ "ಸೆರಗು ಸರಿ ಮಾಡ್ಕೋ" ಎಂದರು. ಅಂದಿನಿಂದ ಪಾರಕ್ಕ ಬಣ್ಣ ಬಿಟ್ಟಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಖವಾಗಿ ಸಾಯುತ್ತಿದ್ದೆ. ಆದರೆ ಮೊನ್ನೆ ಶುಕ್ರವಾರ ಪಾರಕ್ಕ ಮುಂದೆ ಬಂದು ಕೂತಳು. ಆಲೂರಿನಲ್ಲಿ ಅವಳ ತಂಗಿಯ ಮಗಳು ಗಿರಿಜಾಳ ಗಂಡ ಹೋಗಿ ಮೂರು ತಿಂಗಳು. ಸೋಮವಾರ ತವರಿನ ಸೀರೆ. ಬೂದಿಬಣ್ಣದ್ದೇ ಆಗಬೇಕೆಂದು ಗಿರಿಜಾಳ ಅತ್ತೆ ಹೇಳಿ ಕಳಿಸಿದ್ದಾಳೆ. ಗಿರಿಜಾ ತಾನೂ ಅದೇ ಸಾಕು ಎನ್ನುತ್ತಿದ್ದಾಳೆ.

"ನಾ ಹೇಳಿದ್ರ ಮುದುಕಿ ಮಾತಂತ ಬಿಡ್ತಾಳ. ಆ ಐಸಿನ ಹುಡುಗಿನ್ನ ಫೋನಿನಾಗ ಹಾಕಿ ತೋರಿಸ್ತೀನಿ. ಕಣ್ಣಿಲೇ ನೋಡ್ಲಿ. ಹುಡುಕಿ ಕೊಡು," ಎಂದಳು.

ಹುಡುಕುವ ಕೆಲಸ ನನ್ನ ಸೊಸೆ ಸುನೀತಾಳಿಗೆ ಬಿತ್ತು. ಸುನೀತಾ ದೇವನಕೊಂಡದವಳು, ಹತ್ತರವರೆಗೆ ತೆಲುಗು ಮೀಡಿಯಂ, ಈಗ ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಎಂ.ಎ. ಅಂತೆ. ಅವಳ ಉಚ್ಚಾರ ಕೇಳಿದರೆ ನಮ್ಮ ಸಿಸ್ಟರ್ ಸಮಾಧಿಯಲ್ಲಿ ಮಗ್ಗುಲು ಬದಲಿಸುತ್ತಾರೆ ಎಂದು ನಾನು ಮನೆಯಲ್ಲಿ ಸಾಕಷ್ಟು ಸಲ ಹೇಳಿದ್ದೇನೆ. ಅವಳು ಪಾರಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪ್ ಮಾಡಿದಳು. ಬದನೆ ಹೂ ಎಂದದ್ದಕ್ಕೆ ಎಣ್ಣೆಗಾಯಿ ಮಾಡುವ ಹನ್ನೆರಡು ವಿಧಾನ ಬಂದವು.

"ಪರ್ಪಲ್ ಅಂತ ಹೊಡೀಬೇಕು!" ಎಂದು ನಾನು ಗದರಿದೆ. ಪರ್ಪಲ್ ಹೊಡೆದರೆ ನೂರು ಹುಡುಗಿಯರು. ಲ್ಯಾವೆಂಡರ್, ಲೈಲಾಕ್, ಮೋವ್, ಪ್ಲಮ್. ಒಬ್ಬಳ ಫ್ರಾಕಿಗೆ ನವಿಲುಗರಿ, ಒಬ್ಬಳಿಗೆ ಮಿಂಚಿನ ಬಿಲ್ಲೆಗಳು. ಪಾರಕ್ಕ ಫೋನನ್ನು ಮೂಗಿನ ಹತ್ತಿರ ಹಿಡಿದು ಒಬ್ಬೊಬ್ಬಳನ್ನೇ ತಳ್ಳಿಹಾಕಿದಳು: "ಇದು ಜಂಬುನೇರಳಿ. ಇದು ಉಳ್ಳಾಗಡ್ಡಿ ಸಿಪ್ಪಿ. ಇದು ಒಗದು ಒಗದು ಬಣ್ಣ ಹೋದದ್ದು. ಇದಲ್ಲ, ಮುಂದ ಹೋಗು."

"ಅಲಾ ಕಾದು ಅತ್ತಮ್ಮಾ," ಎಂದಳು ಸುನೀತಾ, ಬೇಸತ್ತರೆ ಅವಳಿಗೆ ತೆಲುಗು ಬರುತ್ತದೆ. "ಹಂಗಲ್ಲ, ಬಣ್ಣ ಬಿಟ್ಟು ಬ್ಯಾರೆ ಏನರ ಗುರ್ತು ಹೇಳ್ರಿ."

ಪಾರಕ್ಕ ಕಣ್ಣು ಮುಚ್ಚಿದಳು. "ಕೆಳಗಿನ ಅಂಚಿಗೆ ಮೂರು ಸಾಲು ಕರೀ ಮಣಿ. ನಡುವಿನ ಸಾಲು ಅರ್ಧಕ್ಕ ನಿಂತೈತಿ. ಹೊಲಿದಾಕಿ ಮುಗಿಸಿಲ್ಲ."

ಮೂವತ್ತು ವರ್ಷದ ಕೆಳಗೆ, ಕುಣಿಯುತ್ತಿರುವ ಫ್ರಾಕಿನ ಅಂಚಿನಲ್ಲಿ ಮುಗಿಯದ ಮಣಿಸಾಲನ್ನು ಈಕೆ ನೋಡಿದ್ದಾಳೆ! ಸುನೀತಾ ಅದನ್ನು ಸ್ಕೇಟಿಂಗ್ ಹುಚ್ಚರ ಗುಂಪೊಂದರಲ್ಲಿ ಬರೆದು ಹಾಕಿದಳು. ನಾನು ಮಾತ್ರ ಎರಡು ದಿನ ಎಲ್ಲರನ್ನೂ ಬೈದೆ. ಇಂಟರ್ನೆಟ್ ಎಂದರೆ ಕಸದ ಬುಟ್ಟಿ ಎಂದೆ, ಈಗಿನವರಿಗೆ ಒಂದು ಸೆಂಟೆನ್ಸ್ ನೆಟ್ಟಗೆ ಬರುವುದಿಲ್ಲ ಎಂದೆ, ಇವಳಿಗೆ ಇಂಗ್ಲಿಷೇ ಬರುವುದಿಲ್ಲ, ಮಕ್ಕಳಿಗೇನು ಕಲಿಸುತ್ತಾಳೋ ಎಂದು ಪಾರಕ್ಕನಿಗೆ ಕೇಳುವಂತೆ ನಾಲ್ಕು ಸಲ ಹೇಳಿದೆ. ಹುಡುಕಿದ್ದು ಸಿಗದಿರಲಿ ಎಂದು ಬೇಡುವವರು ಇಷ್ಟು ಜೋರಾಗಿ ಬೈಯುತ್ತಾರೆಂದು ಯಾರಿಗೆ ಗೊತ್ತಾಗಬೇಕು?

ಸಿಕ್ಕಿತು. ಭಾನುವಾರ ಮಧ್ಯಾಹ್ನ, ಯಾವುದೋ ದೇಶದ ಯಾರೋ ಕಳಿಸಿದ್ದರು. ಅದೇ ಫ್ರಾಕು, ಅದೇ ಒಂಟಿ ತೋಳು. ಸುನೀತಾ ಚಿತ್ರ ನಿಲ್ಲಿಸಿ ದೊಡ್ಡದು ಮಾಡಿದಳು. ನಡುವಿನ ಮಣಿಸಾಲು ಅರ್ಧಕ್ಕೆ ನಿಂತಿತ್ತು. ಪಾರಕ್ಕ ಸೆರಗು ಬಾಯಿಗೊತ್ತಿಕೊಂಡು ನೋಡಿದಳು. ನಾನೂ ನೋಡಿದೆ. ಒಂದು ಕಾಲು ಹಿಂದಕ್ಕೆತ್ತಿ ಆಕೆ ಜಾರಿ ಬರುವಾಗ ನನಗೂ ನಲವತ್ತಾಯಿತು, ಅಡುಗೆಮನೆಯಲ್ಲಿ ಅತ್ತೆಯವರು ಕೆಮ್ಮಿದಂತಾಯಿತು. ಅಲ್ಲಿಗೆ ಮುಗಿಯಬಾರದಿತ್ತೇ? ಕೊನೆಯಲ್ಲಿ ಇಂಟರ್‌ವ್ಯೂ ಇತ್ತು. ನಾವು ಅಂದು ನೋಡಿರಲೇ ಇಲ್ಲ, ಕರೆಂಟು ಹೋಗಿರಬೇಕು. ಆಕೆ ಏದುಸಿರು ಬಿಡುತ್ತ ನಗುತ್ತಿದ್ದಳು. ಪಕ್ಕದಲ್ಲಿ ಎತ್ತರದ ಒಬ್ಬ ಗಂಡಸು ಅವಳ ಹೆಗಲಿಗೆ ಕೋಟು ಹೊದಿಸಿ ಹಣೆಗೆ ಮುತ್ತಿಟ್ಟ.

"ಯಾರವ?" ಎಂದಳು ಪಾರಕ್ಕ.

ಸುನೀತಾ ಸ್ಪಷ್ಟವಾಗಿ, ಪಾಠ ಹೇಳುವಂತೆ ಹೇಳಿದಳು: "ಆಕಿ ಗಂಡ, ಅತ್ತಮ್ಮಾ. ಆಕಿ ಫ್ರಾಕಿನ ಪೆಟ್ಟಿಗಿ ಬ್ಯಾರೆ ಊರಿಗೆ ಹೋಗಿಬಿಟ್ಟಿತ್ತಂತ. ಇದು ಗೆಳತೀದು, ಅರ್ಧಮರ್ಧ ಹೊಲಿದದ್ದು, ಕಡ ತಂದು ಹಾಕ್ಕೊಂಡೀನಿ ಅಂತಾಳ. ಈ ಬಣ್ಣ ಕಂಡ್ರ ನನಗ ಆಗಂಗಿಲ್ಲ ಅಂತ ನಗಾಕತ್ಯಾಳ."

ಪಾರಕ್ಕನ ತೊಡೆಯ ಮೇಲೆ ಗಿರಿಜಾಳಿಗೆಂದು ತಂದ ಬದನೆ ಹೂವಿನ ಬಣ್ಣದ ಸೀರೆಯ ಕವರಿತ್ತು. ಒಬ್ಬ ಹೆಂಗಸು ಒಂದು ಬಣ್ಣ ಉಡುವುದಕ್ಕೆ ಪರದೇಶದ ಐಸಿನ ಮೇಲಿಂದ ಸಾಕ್ಷಿ ತರಬೇಕಾದ ನಮ್ಮ ಮನೆತನಗಳ ಮೇಲೆ ಆಗ ನನಗೆ ಬಂದ ಸಿಟ್ಟಿಗೆ ಮೂರು ಭಾಷೆಯ ಎಣಿಕೆಯೂ ಸಾಲುತ್ತಿರಲಿಲ್ಲ.

ಪಾರಕ್ಕ ಫೋನನ್ನು ಸುನೀತಾಳ ಕೈಯಿಂದ ತೆಗೆದುಕೊಂಡು ನನ್ನ ಕಡೆ ಚಾಚಿದಳು.

"ಈಕಿಗೆ ಇಂಗ್ಲಿಷ್ ಬರಂಗಿಲ್ಲ ಅಂತ ನೀನ ಹೇಳ್ತಿದ್ದಿ. ಖರೇನ. ನೀ ಕಾನ್ವೆಂಟಿನಾಕಿ, ನೀ ಹೇಳು. ಯಾರವ?"

ಅವಳ ಮುಖ ನೋಡಿದೆ. ಅವಳಿಗೆ ಏನು ಗೊತ್ತಿತ್ತು, ಎಂದಿನಿಂದ ಗೊತ್ತಿತ್ತು, ಆ ಮುಖದಲ್ಲಿ ನನಗೆ ಓದಲಾಗಲಿಲ್ಲ. ನಾನು ಕನ್ನಡಕ ಸರಿಮಾಡಿಕೊಂಡು ಇಂಟರ್‌ವ್ಯೂವನ್ನು ಇನ್ನೊಮ್ಮೆ ಮೊದಲಿನಿಂದ ಕೇಳಿಸಿಕೊಂಡೆ. ಈ ಸಲ, ವಿಚಿತ್ರವೆಂದರೆ, ಪ್ರತಿಯೊಂದು ಶಬ್ದವೂ ಅರ್ಥವಾಯಿತು.

"ಆಕಿ ಅಣ್ಣ," ಎಂದೆ. "ಗಂಡ ಹೋದ ಮ್ಯಾಲೆ ತಂಗಿ ಬೆನ್ನಿಗೆ ನಿಂತಾನ. ಫ್ರಾಕೂ ಅವನ ತಂದಿದ್ದಂತ, ತವರಿನಿಂದ."

"ಹಂಗ ಹೇಳು ಮತ್ತ," ಎಂದು ಪಾರಕ್ಕ ಸೀರೆಯ ಕವರನ್ನು ಎದೆಗವಚಿಕೊಂಡು, ಬ್ಯಾಗು ಕಟ್ಟಲು ಎದ್ದಳು.

ಸುನೀತಾ ನನ್ನನ್ನೇ ನೋಡುತ್ತಿದ್ದಳು. ಎಂ.ಎ. ಮಾಡಿದವಳ ಮೂಗು ಕೆಂಪಗಾಗಿತ್ತು. ಮೂರು ದಿನಗಳಿಂದ ನಮ್ಮ ಮನೆಯಲ್ಲಿ ಬಂದುಹೋದ ಸಿಟ್ಟುಗಳಲ್ಲಿ ನ್ಯಾಯವಾದದ್ದು ಅದೊಂದೇ ಇರಬೇಕು. ನಾನು ಅವಳ ಕಡೆ ನೋಡದೆ ಫ್ಯಾನನ್ನು ಬೈಯತೊಡಗಿದೆ.