ಸಾಹುಕಾರಿಕೆಯ ಪಾಠ

ಕತೆಗಾರನ ಕುತ್ತಿಗೆಗೆ ಬಂದದ್ದು ಗಾಜಿನ ಲೋಟ. ವಾರಪತ್ರಿಕೆಯ ಅವನ ಧಾರಾವಾಹಿಯಲ್ಲಿ ಕೋಟ್ಯಧಿಪತಿಯೊಬ್ಬ ಪ್ರತಿ ಕಂತಿನಲ್ಲೂ ಗಹಗಹಿಸಿ ನಗುತ್ತಿದ್ದ, ಆಳುಗಳನ್ನು ಬೈಯುತ್ತಿದ್ದ, ಕೊನೆಗೊಂದು ಲೋಟವನ್ನು ಗೋಡೆಗೆಸೆದು ಒಡೆಯುತ್ತಿದ್ದ. ಅಂದು ಬೆಳಿಗ್ಗೆ ಸಂಪಾದಕರು ಫೋನು ಮಾಡಿದರು.

“ಇನ್ನೂ ಎಷ್ಟು ಲೋಟ ಒಡೀತೀರ್ರೀ? ನಿಜವಾದ ಸಾಹುಕಾರನ್ನ ಒಂದ್ಸಲನಾದ್ರೂ ಹತ್ತಿರದಿಂದ ನೋಡಿದ್ದೀರಾ?”

“ಊಹೆ ಮಾಡ್ಕೊಂಡಿದೀನಿ ಸಾರ್.”

“ಸಂಜೆಯೊಳಗೆ ಮನುಷ್ಯನಂಥ ಸಾಹುಕಾರ ನನ್ನ ಮೇಜಿನ ಮೇಲಿರಬೇಕು. ಇಲ್ದಿದ್ರೆ ಧಾರಾವಾಹಿ ಬಂದ್!”

ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಧಾರಾವಾಹಿಯಿಂದ. ಹೆಂಡತಿ ತಡಮಾಡದೆ ದಾರಿ ತೋರಿಸಿದಳು. “ಗುಡ್ಡದ ಮೇಲಿನ ಬಂಗಲೆಗೆ ಹೋಗಿ ಗುಂಡಿ ಸಾಹುಕಾರರನ್ನ ನೋಡ್ಕೊಂಡು ಬನ್ನಿ.” ಅಂಗಿಯ ಗುಂಡಿ ತಯಾರಿಸಿಯೇ ಕೋಟಿಗಟ್ಟಲೆ ಗಳಿಸಿದ ಮನುಷ್ಯ ಅವರು.

“ಈ ಅಂಗೀಲಿ ಹೋದ್ರೆ ಗೇಟಲ್ಲೇ ಓಡಿಸ್ತಾರೆ,” ಎಂದು ಕೆಳಮನೆಯ ದರ್ಜಿ ಯಾರೂ ಕೇಳದೆಯೇ ಮೆಟ್ಟಿಲೇರಿ ಬಂದ. ಅವನ ಕೈಯಲ್ಲಿ ಹೊಚ್ಚ ಹೊಸ ಕೋಟು. “ಯಾರೋ ಮ್ಯಾನೇಜರ್ ಹೊಲಿಸಿದ್ದು, ನಾಳೆ ಕೊಡ್ಬೇಕು. ಹಾಕ್ಕೊಂಡು ಹೋಗಿ, ಬೆವರಬೇಡಿ ಅಷ್ಟೇ!”

ಗುಡ್ಡ ಹತ್ತಿದ ಕತೆಗಾರ ಬೆವರಿನಲ್ಲಿ ಮಿಂದೇ ಹೋದ. ಬಾಗಿಲು ತೆರೆದವರು ಸ್ವತಃ ಸಾಹುಕಾರರು. ಅವರು ಕೋಟನ್ನೇ ನೋಡಿದರು, ಒಳಗಿನ ಬಣ್ಣದ ಅಸ್ತರನ್ನು ನೋಡಿದರು, ಆಮೇಲೆ ಸಂಕೋಚದಿಂದ ಕೇಳಿದರು.

“ತಪ್ಪು ತಿಳ್ಕೋಬೇಡಿ, ಇದು ನಮ್ಮ ಮ್ಯಾನೇಜರ್ ಕೈಲಿ ನಾನು ಹೊಲಿಸೋಕೆ ಕಳಿಸಿದ್ದ ಕೋಟಲ್ವಾ?”

ಕತೆಗಾರ ನಡೆದದ್ದನ್ನೆಲ್ಲ ಒದರಿಬಿಟ್ಟ. ಸಾಹುಕಾರರು ನಕ್ಕರು.

“ಇರ್ಲಿ ಬಿಡಿ, ನಿಮಗೇ ಚೆನ್ನಾಗಿ ಒಪ್ಪುತ್ತೆ. ಇಟ್ಕೊಳ್ಳಿ. ಅಂದ ಹಾಗೆ, ಆ ಧಾರಾವಾಹಿ ಬರೆಯೋರು ನೀವೇನಾ? ಅಯ್ಯೋ, ನನ್ನ ಗುರುಗಳು ನೀವು!”

ಅವರು ಕತೆಗಾರನ ಕೈಹಿಡಿದು ಒಳಕೋಣೆಗೆ ಕರೆದೊಯ್ದರು. ಅಲ್ಲಿನ ಗೋಡೆಯ ಬುಡದಲ್ಲಿ ನೆಗ್ಗಿದ ಸ್ಟೀಲ್ ಲೋಟಗಳ ರಾಶಿಯೇ ಬಿದ್ದಿತ್ತು.

“ಇಷ್ಟು ದುಡ್ಡಿದ್ರೂ ಗತ್ತಿಲ್ಲ ಅಂತ ಹೆಂಡತಿ ಬೈತಾಳೆ, ಅಳಿಯ ನಗ್ತಾನೆ. ಅದಕ್ಕೇ ನಿಮ್ಮ ಕತೆ ಓದಿ ಅಭ್ಯಾಸ ಮಾಡ್ತಿದೀನಿ. ಗಾಜಿನದು ಒಡೆದ್ರೆ ಕಸ ಗುಡಿಸೋ ಅಮ್ಮನ ಕಾಲಿಗೆ ಚುಚ್ಚುತ್ತಲ್ಲ, ಅದಕ್ಕೆ ಸ್ಟೀಲು.”

ಹೊಗಳಿಕೆ ತಲೆಗೇರಿದರೆ ಯಾರು ತಾನೆ ಸುಮ್ಮನಿರುತ್ತಾರೆ? ಕತೆಗಾರ ಅಲ್ಲೇ ಪಾಠ ಶುರುಮಾಡಿದ. ಹುಬ್ಬು ಏರಿಸುವುದು ಹೇಗೆ, ಎದುರಿಗಿದ್ದವರು ನಿಂತೇ ಇರುವಂತೆ ಮಾಡುವುದು ಹೇಗೆ ಎಂದೆಲ್ಲ ಕಲಿಸಿದ. ಸಾಹುಕಾರರು ಪ್ರತಿಯೊಂದನ್ನೂ ಮಾಡಿ, ಮರುಕ್ಷಣವೇ ಗೋಡೆಗೂ “ಕ್ಷಮಿಸಿ” ಎನ್ನುತ್ತಿದ್ದರು.

“ಕ್ಷಮೆ ಕೇಳಲೇಬಾರದು!” ಎಂದು ಕತೆಗಾರ ಗದರಿದ.

“ಮುಂದಿನ ಕಂತಲ್ಲಿ ಅವನು ಏನು ಮಾಡ್ತಾನೆ ಗುರುಗಳೇ?”

“ಒಂದು ಪತ್ರಿಕೇನೇ ಕೊಂಡ್ಕೋತಾನೆ. ಕೊಂಡ ದಿನವೇ ಅಲ್ಲಿನ ಬರಹಗಾರನ್ನ ಕತ್ತು ಹಿಡಿದು ಆಚೆ ದಬ್ತಾನೆ!”

“ಭಲೇ!” ಎಂದರು ಸಾಹುಕಾರರು.

ಮನೆಗೆ ಬಂದು ಕತೆಗಾರ ಬರೆದಿಟ್ಟಿದ್ದ ಆ ಕಂತನ್ನು ಹರಿದೆಸೆದ. ಕಣ್ಣಾರೆ ಕಂಡ ಸಾಧು ಸಾಹುಕಾರನನ್ನು ಪ್ರೀತಿಯಿಂದ ಹೊಸದಾಗಿ ಬರೆದ. ಇಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ. ಸಂಜೆ ಕೋಟು ತೊಟ್ಟು ಎದೆಯುಬ್ಬಿಸಿಕೊಂಡು ಪತ್ರಿಕಾ ಕಚೇರಿಗೆ ಹೋದರೆ, ಸಂಪಾದಕರು ಬಾಗಿಲ ಬಳಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

“ಮಾಲೀಕರು ಮಧ್ಯಾಹ್ನ ಪತ್ರಿಕೆ ಮಾರಿಬಿಟ್ರು ಕಣ್ರೀ. ಕೊಂಡೋರು ಒಳಗಿದ್ದಾರೆ.”

ಸಂಪಾದಕರ ಕುರ್ಚಿಯಲ್ಲಿ ಗುಂಡಿ ಸಾಹುಕಾರರು ಕೂತಿದ್ದರು! ಕತೆಗಾರ ಹಿರಿಹಿರಿ ಹಿಗ್ಗಿ ಕಂತನ್ನು ಮುಂದಿಟ್ಟ. ಅವರು ಓದಿದರು. ಹುಬ್ಬು ಏರಿತು. ಟಣ್ಣನೆ ಸ್ಟೀಲ್ ಲೋಟವೊಂದು ಗೋಡೆಗೆ ಬಡಿಯಿತು.

“ಇವನೂ ಒಬ್ಬ ಸಾಹುಕಾರನಾ? ಗೋಡೆಗೂ ಕ್ಷಮೆ ಕೇಳ್ತಾನೆ! ನಡಿ ಆಚೆ! ನಾಳೆಯಿಂದ ನಿನ್ನ ಧಾರಾವಾಹಿ ಇಲ್ಲ!”

ಆಮೇಲೆ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು. “ಹೇಗಿತ್ತು ಗುರುಗಳೇ? ಸರಿಯಾಗಿ ಮಾಡಿದ್ನಾ?”

ಕತೆಗಾರನಿಗೆ ಹೋದ ಜೀವ ಬಂದಂತಾಯಿತು. “ಅದ್ಭುತ! ಅಂದ್ರೆ, ನಾನು ನಾಳೆಯಿಂದ ಮತ್ತೆ...”

“ಅದು ಹೇಗಾಗುತ್ತೆ? ನಿಮ್ಮ ಸಾಹುಕಾರ ಯಾರನ್ನೂ ವಾಪಸ್ ಕರೆಯಲ್ಲವಲ್ಲ,” ಎಂದರು ಅವರು ಪಾಠ ಒಪ್ಪಿಸುವ ಹುಡುಗನಂತೆ. ಕತೆಗಾರ ಕಾಲೆಳೆದುಕೊಂಡು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಸಾಹುಕಾರರ ಹೊಸ ಗಂಟಲು ಗರ್ಜಿಸಿತು. ಇದನ್ನು ಅವನು ಕಲಿಸಿರಲೂ ಇಲ್ಲ.

“ಏಯ್! ಕೋಟು ಬಿಚ್ಚಿಟ್ಟು ಹೋಗು!”