ಭಾವ ತಿರುಚಿದ ಹಾವು

ನಮ್ಮ ಭಾವನ ಕೈಗೆ ಹೋದ ಯಾವ ವಸ್ತುವೂ ಹೋದ ಹಾಗೆ ವಾಪಸು ಬಂದದ್ದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅಕ್ಕನೊಬ್ಬಳು ಇದ್ದ ಹಾಗೇ ಇದ್ದಾಳೆ ಎಂದರೆ, ಅದು ಅವಳ ಗಟ್ಟಿತನ!

ರಿಪ್ಪನ್‌ಪೇಟೆಯಲ್ಲಿ ಭಾವನದು ವಾಚು ರಿಪೇರಿ ಅಂಗಡಿ. ಕೆಟ್ಟ ಅಲಾರಂ ಕೊಟ್ಟರೆ ರಿಪೇರಿಯಾಗಿಯೇ ಬರುತ್ತಿತ್ತು, ಆದರೆ ಒಳಗೆ ಎಮ್ಮೆಯ ಕೊರಳಗಂಟೆ ಸೇರಿಸಿಕೊಂಡು! ಇಂಥವರನ್ನು ಅಕ್ಕ ಮನೆಯಲ್ಲಿ ಹೇಳದೆ ರಿಜಿಸ್ಟರ್ ಮದುವೆಯಾದಳು. ಅಮ್ಮ ಆರು ತಿಂಗಳಿಗೇ ಕರಗಿದಳು. ಗುಮಾಸ್ತರಾಗಿ ನಿವೃತ್ತರಾಗಿದ್ದ ಅಪ್ಪ ಮಾತ್ರ ಅಳಿಯನ ಜೊತೆ ನೇರವಾಗಿ ಮಾತಾಡಲೇ ಇಲ್ಲ. ಏನಿದ್ದರೂ ಥ್ರೂ ಪ್ರಾಪರ್ ಚಾನೆಲ್. ಆ ಚಾನೆಲ್ ನಾನು! ಭಾನುವಾರ ತೀರ್ಥಹಳ್ಳಿಯ ನಮ್ಮ ಮನೆಗೆ ಭಾವ ಬಂದು ಎದುರಿಗೇ ಕೂತಿದ್ದರೂ ಅಪ್ಪ ನನಗೆ ಹೇಳುವರು: "ಅವರಿಗೆ ಕಾಫಿ ಬೇಕಾ ಕೇಳು." ಭಾವನೂ ನನಗೇ: "ಸಕ್ಕರೆ ಕಮ್ಮಿ ಇರ್ಲಿ ಅಂತ ಹೇಳು." ಸಂಜೆಯ ಬಸ್ಸಿಗೆ ಗಂಡ ಹೆಂಡತಿ ಹೊರಟುಬಿಡುತ್ತಿದ್ದರು. ಅಪ್ಪ ಒಂದೇ ಒಂದು ಸಲ ತನ್ನ ಗಂಡನ ಮುಖ ನೋಡಿ 'ಇರಿ' ಅಂದರೆ ಸಾಕು ಎಂದು ಅಕ್ಕ ನಾಲ್ಕು ವರ್ಷ ಕಾದಳು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೊಂಬಾಯಿಯಿಂದ ಬಂದ ಗಿರಾಕಿಯೊಬ್ಬ ಭಾವನಿಗೆ ಒಂದು ಪ್ಲಾಸ್ಟಿಕ್ ಹಾವು ಕೊಟ್ಟ. ಮೂರು ಮೂಲೆಯ ಇಪ್ಪತ್ತನಾಲ್ಕು ತುಂಡುಗಳ ಸರ ಅದು. ಒಂದೊಂದು ತುಂಡೂ ಗರಗರ ತಿರುಗುತ್ತದೆ. ಎಳೆದರೆ ಕೋಲು, ಮಡಿಸಿದರೆ ಚೆಂಡು. ಜೊತೆಗಿದ್ದ ಚೀಟಿಯ ಪ್ರಕಾರ ಹಂಸವನ್ನೂ ಮಾಡಬಹುದಿತ್ತು. ಭಾವ ಚೀಟಿಯನ್ನು ಬೀಡಾ ಕಟ್ಟಲು ಕೊಟ್ಟು, ತಾವು ಈಳಿಗೆಮಣೆ ಮಾಡಿದರು, ಕೊಡೆ ಮಾಡಿದರು, ಕೊನೆಗೆ ಅಪ್ಪನ ಮೂಗನ್ನೂ ಮಾಡಿದರು. ಹಂಸ ಯಾರಿಗೆ ಬೇಕು ಸ್ವಾಮಿ?

ಒಂದು ಭಾನುವಾರ ಹೊರಡುವಾಗ ಅದನ್ನು ನಾಯಿ ಮಾಡಿ ಅಪ್ಪನ ಮೇಜಿನ ಮೇಲೆ ಬಿಟ್ಟುಹೋದರು. ಮುಂದಿನ ವಾರ ಬಂದು ನೋಡಿದರೆ ನಾಯಿ ಜಗಲಿಗೆ ಬಂದಿದೆ. ಭಾವ ಚಪ್ಪಲಿ ಬಿಡುವ ಜಾಗದಲ್ಲೇ, ಒಂದು ಹಿಂಗಾಲು ಎತ್ತಿಕೊಂಡು! ನಾನು ಮಾಡಿದ್ದಲ್ಲ, ಅಮ್ಮ ಮಾಡಿದ್ದಲ್ಲ. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು.

"ಉತ್ತರ ಬಂತು ಮಾರಾಯ್ತಿ!" ಎಂದು ಭಾವ ಕುಣಿದಾಡಿದರು.

ಅಲ್ಲಿಂದ ವಾರವಾರವೂ ಇದೇ. ಭಾವ ಕುರ್ಚಿ ಮಾಡಿಟ್ಟರೆ ಅಪ್ಪ ಅದರ ಒಂದು ಕಾಲು ಮಡಚಿಡುವರು. ಜಗಳವಾದರೂ ನಡೆಯುತ್ತಿದೆಯಲ್ಲ ಎಂದು ಅಕ್ಕನಿಗೆ ಸಮಾಧಾನ.

ಭಾವನ ಬುದ್ಧಿ ಅಷ್ಟಕ್ಕೆ ನಿಲ್ಲುತ್ತದೆಯೇ? ಒಂದು ವಾರ ಹೆಡೆ ಎತ್ತಿದ ನಾಗರ ಮಾಡಿಟ್ಟರು. ನೋಡಿದ್ದೇ ತಡ, ಅಮ್ಮ ಕೈಮುಗಿದು ಅರಿಸಿನ ಕುಂಕುಮ ಹಚ್ಚಿ ಅದನ್ನು ದೇವರ ಗೂಡಿನಲ್ಲಿ ಇಟ್ಟುಬಿಟ್ಟಳು.

"ಅಮ್ಮಾ, ಅದು ಪ್ಲಾಸ್ಟಿಕ್!" ಎಂದೆ.

"ಆದ್ರೆ ಎಂತ? ಹೆಡೆ ಹೆಡೆನೇ. ಕುಂಕುಮ ಹಚ್ಚಿದ್ಮೇಲೆ ಯಾರಾದ್ರೂ ನಾಗನ ಕುತ್ತಿಗೆ ತಿರುಚ್ತಾರಾ?"

ಅಲ್ಲಿಗೆ ಪತ್ರವ್ಯವಹಾರ ಬಂದ್! ಅಪ್ಪ ದಿನಕ್ಕೆ ಮೂರು ಸಲ ದೇವರ ಮುಂದೆ ನಿಂತು ಹೆಡೆಯನ್ನೇ ನೋಡತೊಡಗಿದರು. "ಅಂತೂ ಇವ್ರಿಗೆ ಭಕ್ತಿ ಬಂತು" ಎಂದು ಅಮ್ಮ ಹಿಗ್ಗಿದಳು.

ಅಂಥ ಇನ್ನೊಂದು ಹಾವು ಶಿವಮೊಗ್ಗದಲ್ಲೂ ಸಿಗಲಿಲ್ಲ. ಭಾವ ಬಡಗಿಯ ಹತ್ತಿರ ಹಲಸಿನ ಮರದ ಚೂರು ತಂದು, ತೂತು ಕೊರೆದು, ಸೈಕಲ್ ಟ್ಯೂಬು ಸೀಳಿ ಪೋಣಿಸಿ ತಾವೇ ಒಂದು ಮಾಡಿದರು. ಒಂದೊಂದು ತುಂಡೂ ಸೋಪಿನಷ್ಟು ದಪ್ಪ. "ಹಾವಾ ಹೆಬ್ಬಾವಾ ಇದು?" ಎಂದು ನಕ್ಕೆ.

"ನಿಮ್ಮಪ್ಪನ ಬೆರಳು ಸರಿ ಮಡಚಲ್ಲ ಮಾರಾಯ್ತಿ. ಆ ನಾಯಿ ಕಾಲೆತ್ತಕ್ಕೆ ಎಷ್ಟು ಕಷ್ಟ ಪಟ್ರೋ ಏನೋ" ಅಂದರು. ದಿನವೂ ಅಪ್ಪನ ಜೊತೆಗೇ ಇದ್ದ ನನಗೆ ಅದು ಕಂಡಿರಲಿಲ್ಲ.

ಹೆಬ್ಬಾವು ಎರಡು ತಿಂಗಳು ಬಾಳಿತು. ಒಂದು ಭಾನುವಾರ ಸಂಜೆ ಅಕ್ಕ, ಭಾವ ಚೀಲ ಹಿಡಿದು ಹೊರಟು ಜಗಲಿಗೆ ಬಂದಿದ್ದರು. ಅಪ್ಪನ ಕೋಣೆಯಲ್ಲಿ ಟಪ್ ಎಂದಿತು. ರಬ್ಬರು ಹರಿದು ತುಂಡುಗಳೆಲ್ಲ ದಡದಡ ಉರುಳಿದವು. ಇಣುಕಿದರೆ, ಅಪ್ಪ ಮಂಚದಡಿಗೆ ಕೈಹಾಕಿ ಒಂದೊಂದನ್ನೇ ಆರಿಸುತ್ತಿದ್ದಾರೆ. ಪಂಚೆಯ ಮಡಿಲಲ್ಲಿ ತುಂಬಿಕೊಂಡು ಹೊರಗೆ ಬಂದರು. ನಾನು ಅಭ್ಯಾಸದಂತೆ ಮುಂದೆ ಹೋಗಿ, "ಎಂತ ಹೇಳ್ಬೇಕಪ್ಪಾ?" ಅಂದೆ.

"ನೀನು ಆಚೆ ಸರಿ" ಎಂದವರು ಭಾವನ ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡರು. "ನನ್ನ ಕೈಯಲ್ಲೇ ಹಾಳಾಯ್ತು ನೋಡಿ. ಇವತ್ತು ಇದ್ದು, ಜೋಡಿಸ್ಕೊಟ್ಟು, ನಾಳೆ ಹೋಗಿ."

ಭಾವ ಚಪ್ಪಲಿ ಬಿಟ್ಟು, ಅಪ್ಪನ ಮಡಿಲಿನಿಂದ ತುಂಡುಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ ಚೀಲ ಒಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ರಾತ್ರಿಯ ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿದಳು.