ಆಯುಧಪೂಜೆಯ ದಿನ ನಿಲ್ಲಿಸಿದ ಪಂಪು

ಸುಮ್ಮನಿರುವುದು ನನಗೆ ಬರುವುದಿಲ್ಲ. ದೇವರು ಕಣ್ಣು ಚೆನ್ನಾಗಿ ಕೊಟ್ಟಿದ್ದಾನೆ, ಮೊಣಕಾಲನ್ನು ಇನ್ನೂ ಮಡಚುವ ಹಾಗಿಟ್ಟಿದ್ದಾನೆ, ಲಕ್ಷ್ಮೀಪುರಂನಲ್ಲಿ ಬೆಳಗಾದರೆ ಅಂಗಳದಲ್ಲೇ ಪೂಜೆಗೆ ಹೂ ಸಿಗುವ ಮನೆ ಕೊಟ್ಟಿದ್ದಾನೆ. ಇವಕ್ಕೆಲ್ಲ ದಿನಾ ಕೈ ಮುಗಿಯುತ್ತೇನೆ. ಆದರೆ ಕೈಗಳನ್ನು ಕೊಡುವಾಗ ಅವನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಬುದ್ಧಿಯನ್ನೂ ಜೊತೆಗೇ ಕೊಡಬಹುದಿತ್ತು. ಬೇರೆಯವರ ಮನೆಗೆ ಹೋದರೂ ಗೋಡೆಯ ಮೇಲೆ ವಾರೆಯಾಗಿರುವ ಪಟವನ್ನು ನೆಟ್ಟಗೆ ಮಾಡಿಯೇ ಕಾಫಿ ಕುಡಿಯುವವಳು ನಾನು. ಮದುವೆ ಮನೆಗಳಲ್ಲಿ ಪರಿಚಯವಿಲ್ಲದವರ ಸೆರಗನ್ನೂ ಸರಿಮಾಡಿದ್ದೇನೆ. “ನಿನ್ನನ್ನ ಸ್ವರ್ಗಕ್ಕೆ ಕರ್ಕೊಂಡು ಹೋದ್ರೂ ಅಲ್ಲಿ ದೀಪದ ಬತ್ತಿ ಮುಂದಕ್ಕೆ ಎಳೀತೀಯ ಕಣೆ” ಎಂದು ನಮ್ಮ ಯಜಮಾನರು ಹೇಳುತ್ತಾರೆ. ಎಳೆಯುತ್ತೇನೆ. ಬತ್ತಿ ಒಳಗೆ ಸರಿದಿದ್ದರೆ ಎಳೆಯದೆ ಇನ್ನೇನು ಮಾಡುವುದು. ನನ್ನ ಈ ಗುಣದಿಂದ ಹೋದ ನವರಾತ್ರಿಯಲ್ಲಿ ಒಂದು ಊರು ಸುಟ್ಟುಹೋಯಿತು. ಗಾಬರಿಯಾಗಬೇಡಿ, ಕಂಪ್ಯೂಟರಿನೊಳಗಿನ ಊರು. ಕೆಲವು ಕೋಳಿಗಳನ್ನು ಬಿಟ್ಟರೆ ಜೀವಹಾನಿಯಾಗಲಿಲ್ಲ. ಆದರೂ ಇವತ್ತಿಗೂ ಮಂಗಳಾರತಿ ತೆಗೆದುಕೊಳ್ಳುವಾಗ ಅದು ನೆನಪಾಗಿ ಕೈ ಅಲ್ಲೇ ನಿಲ್ಲುತ್ತದೆ.

ಊರು ನಮ್ಮ ಸೊಸೆ ಸಿಂಚನಾಳದು. ನಂಜನಗೂಡಿನ ಕಡೆಯ ಬೇಸಾಯಗಾರರ ಮನೆಯ ಹುಡುಗಿ, ಇಲ್ಲಿ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ. ಮಗನದು ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟಿನ ದುಡಿಮೆ. ಅವನು ಬಸ್ಸಿಳಿದು ಬರುವವರೆಗೆ ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಆಟ ಆಡುತ್ತಿದ್ದಳು. ಚೌಕ ಚೌಕ ಇಟ್ಟಿಗೆ ಜೋಡಿಸಿ ಮನೆ, ಹೊಲ, ಕಾರ್ಖಾನೆ ಏನು ಬೇಕಾದರೂ ಕಟ್ಟುವ ಆಟ. ಮೂಲ ಆಟಕ್ಕೆ ಯಾರು ಯಾರೋ ಪುಣ್ಯಾತ್ಮರು ಹೊಸ ಹೊಸ ಯಂತ್ರ, ಹೊಸ ಹೊಸ ಗಿಡ ಸೇರಿಸಿದ್ದಾರಂತೆ. ಅದಕ್ಕೆ ‘ಮಾಡ್’ ಎನ್ನುತ್ತಾರಂತೆ. ಮೊದಮೊದಲು ನನಗೆ ಅದು ಮೇಜು ಒರೆಸುವುದಕ್ಕೆ ಅಡ್ಡಿಯಾಗುವ ವಸ್ತು ಮಾತ್ರ ಆಗಿತ್ತು. ನಮ್ಮಿಬ್ಬರ ನಡುವೆ ಆಗ “ಸಾರಿಗೆ ಉಪ್ಪು ಸಾಕಾ” ಎನ್ನುವುದಕ್ಕಿಂತ ಉದ್ದದ ಮಾತೂ ಇರಲಿಲ್ಲ.

ಒಂದು ಸಂಜೆ ಹುರಿಗಾಳಿನ ತಟ್ಟೆ ಇಡಲು ಹೋದವಳು ತೆರೆಯ ಮೇಲೆ ನೋಡಿ ನಿಂತೆ. “ಏನಮ್ಮ, ಹೊಲದ ತುಂಬ ಕಳೆ ಬಂದಿದೆಯಲ್ಲ” ಎಂದೆ.

“ಅಯ್ಯೋ ಹೌದು. ನಿಮ್ಗೆ ಕಾಣ್ಸುತ್ತಾ ಅತ್ತೆ?”

“ಕಣ್ಣಿಲ್ವಾ ನನಗೆ. ಆ ಮೂಲೇಲಿ ನೋಡು, ನಿನ್ನ ಗೋಧೀನೆಲ್ಲ ತಿಂತಾ ಇದೆ.”

“ಹಂಗಾದ್ರೆ ಬನ್ನಿ, ನೀವೇ ಕಿತ್ಬುಡಿ. ಈ ಬಟನ್ ಒತ್ತಿ, ಅಷ್ಟೇಯ.”

ಕಿತ್ತೆ. ಬೆನ್ನು ಬಗ್ಗಿಸದೆ, ಉಗುರಿಗೆ ಮಣ್ಣು ತಾಗದೆ ಕಳೆ ಕೀಳುವ ಸುಖ ಎಂಥದೆಂದು ಹೇಳಲಾರೆ. ಮಾರನೆಯ ಸಂಜೆ ಸಂಧ್ಯಾದೀಪ ಹಚ್ಚಿದ ಕೂಡಲೇ ನಾನಾಗಿಯೇ ಹೋಗಿ ಅವಳ ಪಕ್ಕದ ಕುರ್ಚಿ ಎಳೆದುಕೊಂಡೆ. ಹೀಗೆ ಹೊಲ ನನ್ನ ಪಾಲಿಗೆ ಬಂತು.

ಅಲ್ಲಿಯ ಬೇಸಾಯ ನಮ್ಮ ಬೇಸಾಯದಂತಲ್ಲ. ಎರಡು ಬೇರೆ ಬೇರೆ ಗಿಡಗಳ ನಡುವಿನ ಜಾಗದಲ್ಲಿ ಎರಡು ಕಡ್ಡಿಗಳನ್ನು ಅಡ್ಡಡ್ಡ ನೆಟ್ಟು ಕಾಯಬೇಕು. ಆ ಎರಡೂ ಗಿಡಗಳ ಗುಣ ಬೆರೆತು ಕಡ್ಡಿಯ ಮೇಲೆ ಹೊಸದೊಂದು ಹುಟ್ಟುತ್ತದೆ, ಅಥವಾ ಬರೀ ಕಳೆ ಹುಟ್ಟುತ್ತದೆ. ನಮ್ಮ ಕಡೆ ಹೆಣ್ಣು ಗಂಡು ನೋಡಿ ಮದುವೆ ಮಾಡುವುದೂ ಹೆಚ್ಚುಕಡಿಮೆ ಇದೇ ಲೆಕ್ಕ, ಹಾಗಾಗಿ ನನಗೆ ಬೇಗ ತಿಳಿಯಿತು. ಪ್ರತಿ ಬೀಜಕ್ಕೂ ಜಾತಕವಿತ್ತು: ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಫಸಲು ಕೊಡುತ್ತದೆ, ಎಷ್ಟು ಗಟ್ಟಿ. ನಾನು ಬೇಗ ಬೆಳೆಯುವುದನ್ನೇ ಆರಿಸುತ್ತಿದ್ದೆ. “ಅದು ಜಾಸ್ತಿಯಾದ್ರೆ ಕಷ್ಟ ಅತ್ತೆ” ಎಂದು ಸಿಂಚನಾ ತಡೆದಳು. “ಬೆಳೆಯೋ ಭರ ಅತಿಯಾದ್ರೆ ಒಳ್ಳೆ ಗಿಡಾನೂ ಕಳೆ ಥರ ಪಕ್ಕದ ಪಾತಿಗೆ ನುಗ್ಗುತ್ತೆ.” ನಾನು ತಲೆಯಾಡಿಸಿದೆ. ಮಾತು ಕಿವಿಗೆ ಬಿತ್ತು, ಅಷ್ಟೇ. ನಮ್ಮ ಗುರಿ ಕಬ್ಬಿಣ ಬಿಡುವ ಗಿಡ. ನಗಬೇಡಿ, ಅಲ್ಲಿ ಅಂಥದೊಂದು ಇದೆ. ಅದರ ಎಲೆ ಕಿತ್ತರೆ ಕಬ್ಬಿಣ ಸಿಗುತ್ತದೆ. ಆಷಾಢದಲ್ಲಿ ಶುರುಮಾಡಿ, ಶ್ರಾವಣದ ಹಬ್ಬಗಳ ನಡುವೆ ಬಿಡುವು ಮಾಡಿಕೊಂಡು, ಬೆರೆಸಿ, ಕಿತ್ತು, ಮತ್ತೆ ಬೆರೆಸಿ, ಪಿತೃಪಕ್ಷ ಕಳೆಯುವ ಹೊತ್ತಿಗೆ ಒಂದೇ ಒಂದು ಸಸಿ ಹುಟ್ಟಿತು. ಸಿಂಚನಾ ಕುರ್ಚಿಯಿಂದೆದ್ದು ನನ್ನ ಹೆಗಲು ಹಿಡಿದು ಅಲುಗಾಡಿಸಿಬಿಟ್ಟಳು. ಅವಳು ಮನೆಗೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊಲದ ಪಕ್ಕದ ಕಟ್ಟಡ ಅವಳದು. ಅಲ್ಲಿ ಅಣುಶಕ್ತಿಯ ರಿಯಾಕ್ಟರ್ ಇತ್ತು. ಚೌಕಾಬಾರದ ಮಣೆಯಂಥ ಮನೆಗಳಲ್ಲಿ ಇಂಧನದ ಸಲಾಕೆಗಳನ್ನೂ ಶಾಖ ಎಳೆಯುವ ಫ್ಯಾನುಗಳನ್ನೂ ಲೆಕ್ಕ ಹಾಕಿ ಕೂರಿಸಬೇಕು. ಎರಡು ಸಲಾಕೆ ಅಕ್ಕಪಕ್ಕ ಕೂತರೆ ಶಕ್ತಿಯೂ ಹೆಚ್ಚು, ಶಾಖವೂ ಹೆಚ್ಚು. ನನ್ನ ಇಬ್ಬರು ಓರಗಿತ್ತಿಯರನ್ನು ಮದುವೆ ಮನೆಯಲ್ಲಿ ಅಕ್ಕಪಕ್ಕ ಕೂರಿಸಿದರೆ ಆಗುವುದನ್ನು ಕಂಡಿದ್ದರಿಂದ ಇದೂ ನನಗೆ ಹೊಸದೆನಿಸಲಿಲ್ಲ. ಹೊರಗಿನಿಂದ ಒಂದು ಪಂಪು ಸದಾ ತಣ್ಣೀರು ಹಾಯಿಸುತ್ತಿತ್ತು. “ಇಲ್ಲಿ ಮಾತ್ರ ಏನೂ ಮುಟ್ಬೇಡಿ ಅತ್ತೆ” ಎಂದಿದ್ದಳು. ಕೋಪದಿಂದಲ್ಲ, ಬಹಳ ವಿನಯದಿಂದ.

ಆ ವಿನಯ ಅವಳು ಕಲಿತದ್ದು ನನ್ನಿಂದಲೇ ಎಂದು ಆಗ ನನಗೆ ಹೊಳೆಯಲಿಲ್ಲ. ಬಂದ ಹೊಸತರಲ್ಲಿ ಅವಳು ದೇವರ ಮನೆಯ ಬೆಳ್ಳಿ ದೀಪಗಳನ್ನು ಪಾತ್ರೆ ತೊಳೆಯುವ ಸೋಪು ಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜಿಬಿಟ್ಟಿದ್ದಳು. ಪ್ರೀತಿಯಿಂದಲೇ ಉಜ್ಜಿದ್ದಳು, ಪಾಪ. ದೀಪದ ಮೇಲೆಲ್ಲ ಗೀರು. ನಾನು ಬೈಯಲಿಲ್ಲ. “ಇರಲಿ ಬಿಡಮ್ಮ, ದೇವರ ಮನೆ ನಾನೇ ನೋಡ್ಕೋತೀನಿ” ಎಂದೆ, ಅಷ್ಟೇ. ಅವತ್ತಿನಿಂದ ಅವಳು ಹೊಸ್ತಿಲ ಹೊರಗೆ ನಿಂತೇ ಕೈ ಮುಗಿಯುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ, ಹೇಳಿದ ಮಾತು ಮೀರುವುದಿಲ್ಲ ಎಂದು ನಾನು ನಾಲ್ಕು ಜನರ ಮುಂದೆ ಹೊಗಳುತ್ತಲೂ ಇದ್ದೆ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಯಾವ ಯಂತ್ರವೂ ತಿರುಗುವಂತಿಲ್ಲ. ವರ್ಷವೆಲ್ಲ ನಮಗಾಗಿ ದುಡಿದದ್ದಕ್ಕೆ ಅವತ್ತೊಂದು ದಿನ ವಿಶ್ರಾಂತಿ. ಚಟ್ನಿಯನ್ನು ಹಿಂದಿನ ದಿನವೇ ರುಬ್ಬಿಟ್ಟಿರುತ್ತೇನೆ. ಬೆಳಿಗ್ಗೆ ಮಿಕ್ಸಿ, ಗ್ರೈಂಡರು, ವಾಷಿಂಗ್ ಮಷೀನು, ಹೊಲಿಗೆ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸಿದೆ. ಸಿಂಚನಾ ಹೊರಗೆ ಸ್ಕೂಟರು ತೊಳೆಯುತ್ತಿದ್ದಳು. ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದೇ ಇತ್ತು. “ಅದನ್ನ ಮುಚ್ಬೇಡಿ ಅತ್ತೆ, ಪೈರು ಬಲೀತಾ ಐತೆ” ಎಂದು ಕೂಗಿ ಹೇಳಿದಳು. ಮುಚ್ಚಲಿಲ್ಲ. ಅದರ ಮೂಲೆಗೊಂದು ಕುಂಕುಮದ ಬೊಟ್ಟಿಟ್ಟೆ. ಇಡುವಾಗ ಒಳಗಿನಿಂದ ‘ಗುರ್ರ್’ ಎನ್ನುವ ಸದ್ದು ಕೇಳಿತು. ಪಂಪು.

ಮನೆಯ ಯಂತ್ರಗಳೆಲ್ಲ ಹೂ ಮುಡಿದು ಕೂತಿವೆ, ಇದೊಂದು ಪಾಪದ್ದು ಮಾತ್ರ ಹಬ್ಬದ ದಿನವೂ ದುಡಿಯುತ್ತಿದೆ. ಮನಸ್ಸು ತಡೆಯಲಿಲ್ಲ. ನನಗೆ ಅಷ್ಟು ಹೊತ್ತಿಗೆ ಅಲ್ಲಿ ನಡೆದಾಡಲು ಚೆನ್ನಾಗಿ ಬರುತ್ತಿತ್ತು. ಹೊಲದ ಬದುವಿನಿಂದ ಒಂದು ಕೆಂಪು ಹೂ ಕಿತ್ತು ಪಂಪಿನ ಮುಂದಿಟ್ಟೆ, ಅದರ ಹಿಡಿ ಎಳೆದು ನಿಲ್ಲಿಸಿದೆ, ಕುರ್ಚಿಯಿಂದೆದ್ದು ಭಕ್ತಿಯಿಂದ ಕೈಯನ್ನೂ ಮುಗಿದೆ. ಆಮೇಲೆ ಬೂದುಗುಂಬಳಕಾಯಿ ಒಡೆಸಲು ಹೊರಗೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ‘ಢಂ’ ಎಂದಿತು. ಯಾರೋ ಪಟಾಕಿ ಹೊಡೆದರೆಂದು ತಿಳಿದು ಕುಂಬಳಕಾಯಿಗೆ ಇನ್ನಷ್ಟು ಕುಂಕುಮ ತುಂಬಿದೆ.

ಒಳಗೆ ಬಂದು ನೋಡಿದರೆ ಕಟ್ಟಡವಿದ್ದ ಜಾಗದಲ್ಲಿ ದೊಡ್ಡ ಗುಂಡಿ. ಹೊಲವಿಲ್ಲ, ಬೀಜದ ಪೆಟ್ಟಿಗೆಯಿಲ್ಲ, ಕಬ್ಬಿಣದ ಗಿಡವಿಲ್ಲ. ಸಿಂಚನಾ ಒದ್ದೆ ಕೈಯಲ್ಲೇ ನಿಂತು ನೋಡುತ್ತಿದ್ದಳು.

“ಪಂಪ್ ಆಫ್ ಮಾಡಿದ್ರಾ ಅತ್ತೆ?”

“ಆಯುಧಪೂಜೆ ಅಲ್ವೇನಮ್ಮ, ಅದಕ್ಕೆ.”

“ರಿಯಾಕ್ಟರ್ ಉರೀತಾನೇ ಇತ್ತಲ್ಲ. ತಣ್ಣಗೆ ಮಾಡೋದನ್ನ ಮಾತ್ರ ನಿಲ್ಸಿದ್ರಿ.”

“ಅದು ಸದ್ದು ಮಾಡ್ತಿರ್ಲಿಲ್ಲ. ಅದೂ ಯಂತ್ರ ಅಂತ ಗೊತ್ತಾಗ್ಲಿಲ್ಲ.”

ಅಲ್ಲೇ ಇದ್ದ ಯಜಮಾನರು “ಸದ್ದು ಮಾಡೋರ ಬಾಯಿ ಮುಚ್ಚಿಸೋದು, ಒಳಗೇ ಬೇಯೋರನ್ನ ಹಾಗೇ ಬಿಡೋದು, ನಿಮ್ಮತ್ತೆ ಮೊದ್ಲಿಂದ್ಲೂ ಹಿಂಗೇ ಕಣಮ್ಮ” ಎಂದರು. ತಮಾಷೆಗೆಂದೇ ಹೇಳಿದರು. ಯಾರೂ ನಗಲಿಲ್ಲ. ಸಿಂಚನಾ “ಇರಲಿ ಬುಡಿ ಅತ್ತೆ” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಅದೇ ಮಾತು, ಅದೇ ಸ್ವರ. ಬೆಳ್ಳಿ ದೀಪದ ದಿನ ನಾನು ಆಡಿದ್ದು ನನ್ನ ಕಿವಿಗೇ ವಾಪಸು ಬಂದ ಹಾಗಾಯಿತು.

ಆಮೇಲೆ ಬಹಳ ದಿನ ಮೇಜು ಖಾಲಿಯಾಗಿತ್ತು, ಒರೆಸಲು ಯಾವ ಅಡ್ಡಿಯೂ ಇರಲಿಲ್ಲ. ಸಂಜೆಯ ಹೊತ್ತು ಅವಳು ರೂಮಿನಲ್ಲಿ, ನಾನು ಅಡುಗೆ ಮನೆಯಲ್ಲಿ. ನಡುವೆ ಮತ್ತೆ ಸಾರಿನ ಉಪ್ಪು. ಬೆಳೆಯುವ ಭರ ಅತಿಯಾಗಿ ಪಕ್ಕದ ಪಾತಿಗೆ ನುಗ್ಗಿದ್ದು ಯಾವ ಗಿಡ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಚಾಮುಂಡಿ ಬೆಟ್ಟಕ್ಕೆ ಹೋಗಿ ತಾಯಿಯ ಮುಂದೆ ನಿಂತು, ಹೋದ ಗಿಡ ಹೋಗಲಿ, ಆ ಪಕ್ಕದ ಕುರ್ಚಿಯೊಂದನ್ನು ಕೊಡಿಸು ಎಂದು ಬೇಡಿಕೊಂಡೆ. ದೇವಿಯ ಮುಂದೆ ಕುರ್ಚಿ ಕೇಳಿದವಳು ಬಹುಶಃ ನಾನೊಬ್ಬಳೇ. ಉಳಿದವರು ಕೇಳುವ ಕುರ್ಚಿಯೇ ಬೇರೆ.

ಕಾರ್ತಿಕದಲ್ಲಿ ಅವಳು ಹೊಸ ಊರು ಕಟ್ಟತೊಡಗಿದಳು. ಒಂದು ಸಂಜೆ ತಾನಾಗಿಯೇ “ಕಳೆ ಬಂದೈತೆ ಅತ್ತೆ” ಎಂದಳು. ಓಡಿದೆ. ನನಗೆ ಹೊಲವಿತ್ತು. ಆದರೆ ರಿಯಾಕ್ಟರಿನ ಕಟ್ಟಡ ಬಹಳ ದೂರದಲ್ಲಿ, ಗುಡ್ಡದ ಆಚೆ. ಅದಕ್ಕೊಂದು ಕಬ್ಬಿಣದ ಬಾಗಿಲು. ಅದನ್ನು ತೆರೆಯುವ ಗುಟ್ಟು ಅವಳಿಗೆ ಮಾತ್ರ ಗೊತ್ತು. ಕೇಳುವ ಮುಖ ನನಗಿರಲಿಲ್ಲ.

ಅದರ ಮುಂದಿನ ಶುಕ್ರವಾರ ಬೆಳಿಗ್ಗೆ ನಾನು ದೇವರ ಮನೆಯಿಂದ ಆಚೆ ಬಂದು ನಿಂತು, “ಸಿಂಚನಾ, ಇವತ್ತು ದೀಪ ನೀನು ಹಚ್ಚಮ್ಮ” ಎಂದೆ.

“ಯಾಕತ್ತೆ, ಹುಷಾರಿಲ್ವಾ?”

“ಹುಷಾರಾಗಿದ್ದೀನಿ.”

“ನಂಗೆ ಪದ್ಧತಿ ಗೊತ್ತಿಲ್ಲ. ಏನಾದ್ರೂ ಹಾಳ್ಮಾಡ್ಬುಟ್ರೆ?”

“ಊರೇ ಸುಟ್ಟೋಳು ನಾನಿಲ್ವಾ. ಹಚ್ಚು.”

ಅವಳು ಹೊಸ್ತಿಲು ದಾಟಿ, ಅದೇ ಗೀರು ಬಿದ್ದ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಇಟ್ಟು ಹಚ್ಚಿದಳು. ಬತ್ತಿ ವಾರೆಯಾಗಿತ್ತು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹೊರಗೇ ನಿಂತೆ. ಅವಳು ಕಾಲೇಜಿಗೆ ಹೊರಟು ಗೇಟು ದಾಟಿದ ಸದ್ದಾದ ಮೇಲೆಯೇ ಒಳಗೆ ಹೋಗಿ ಅದನ್ನು ಒಂಚೂರು ಎಳೆದೆ.

ಸಂಜೆ ಆಟಕ್ಕೆ ಕೂತಾಗ ಅವಳು ತೆರೆಯಿಂದ ಕಣ್ಣೆತ್ತದೆ ಕೇಳಿದಳು: “ಬತ್ತಿ ಎಳೆದ್ರಾ ಅತ್ತೆ?”

“ಒಂಚೂರು.”

ಅವಳು ಗುಡ್ಡದ ಆಚೆ ನಡೆದುಹೋಗಿ ಆ ಕಬ್ಬಿಣದ ಬಾಗಿಲಿನ ಮುಂದೆ ಇನ್ನೊಂದು ಕಬ್ಬಿಣದ ಬಾಗಿಲು ಕೂರಿಸಿದಳು. ಕೂರಿಸುವಾಗ ತುಟಿ ಕಚ್ಚಿಕೊಂಡಿದ್ದಳು. ನಗು ತಡೆಯಲೆಂದು ಎಂದುಕೊಂಡಿದ್ದೇನೆ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ನಾನು ತಲೆ ತಗ್ಗಿಸಿ ಕಳೆ ಕೀಳುತ್ತ ಕೂತೆ. ಆ ಎರಡನೆಯ ಬಾಗಿಲು ಮೊದಲನೆಯದರ ನೇರಕ್ಕಿರಲಿಲ್ಲ, ಒಂದು ಇಟ್ಟಿಗೆಯಷ್ಟು ಎಡಕ್ಕೆ ಸರಿದಿತ್ತು. ನಾನು ಹೇಳಲಿಲ್ಲ. ತಾಯಿ ಚಾಮುಂಡಿ ಸಾಕ್ಷಿ, ಸಾರಿಗೆ ಒಗ್ಗರಣೆ ಹಾಕುವವರೆಗೂ ಹೇಳಲಿಲ್ಲ.